ಅರ್ಧ ದೇಹ, ಇಪ್ಪತ್ತೇಳು ವರ್ಷ

ರೇಷ್ಮೆ ಇಲಾಖೆಯ ಬಿತ್ತನೆ ಕೋಠಿಯೊಂದರಲ್ಲಿ ನಾನು 31 ವರ್ಷ ಕೆಲಸ ಮಾಡಿದೆ. ಮೊಟ್ಟೆಯಿಟ್ಟು ಮುಗಿಸಿದ ತಾಯಿ ಚಿಟ್ಟೆಯನ್ನು ಅರೆದು, ಆ ರಸದ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲಿಟ್ಟು, ಸೂಕ್ಷ್ಮದರ್ಶಕದ ಕೆಳಗೆ 600 ಪಟ್ಟು ಹಿಗ್ಗಿಸಿ ನೋಡುವುದು ನನ್ನ ದಿನಚರಿಯಾಗಿತ್ತು. ಅಕ್ಕಿಕಾಳಿನ ಆಕಾರದ, ಮಿನುಗುವ ಸಣ್ಣ ಕಣಗಳು ಕಂಡರೆ ಅದು ಗಂಟು ರೋಗ. ಆ ಚಿಟ್ಟೆಯ ಮೊಟ್ಟೆಗಳಷ್ಟೂ ಬೆಂಕಿಗೆ. ಕಾಣದಿದ್ದರೆ ಅವು ರೈತನ ಮನೆಗೆ. ನಾನು ಕುಳಿತುಕೊಳ್ಳುತ್ತಿದ್ದ ಮೇಜಿನ ಮೇಲ್ಗಡೆ, ಗೋಡೆಯಲ್ಲಿ, ಗಡ್ಡಧಾರಿಯಾದ ಒಬ್ಬ ವಿದೇಶೀಯನ ಚಿತ್ರ ತೂಗುತ್ತಿತ್ತು. ಈ ಪರೀಕ್ಷೆಯನ್ನು ಜಗತ್ತಿಗೆ ಕಲಿಸಿದವನು ಆತನೇ, ಲೂಯಿ ಪಾಶ್ಚರ್ ಎಂಬುದಷ್ಟೇ ನನಗೆ ತಿಳಿದಿತ್ತು. ಆ ಚಿತ್ರದಲ್ಲಿ ಆತನ ಎಡಗೈ ಏಕೆ ಅಷ್ಟು ಬಿಗಿಯಾಗಿ ಮಡಿಚಿಕೊಂಡಿದೆಯೆಂದು 31 ವರ್ಷಗಳಲ್ಲಿ ಒಮ್ಮೆಯೂ ಯೋಚಿಸಿದವನಲ್ಲ. ಯೋಚಿಸುವ ಕಾಲ ನನ್ನ ಎಡಗೈಯೂ ಹಾಗೆಯೇ ಮಡಿಚಿಕೊಂಡಾಗ ಬಂದಿತು.

ನಿವೃತ್ತನಾದ ಮೇಲೆ ಬೆಂಗಳೂರಿನ ದಕ್ಷಿಣದ ಅಂಚಿನಲ್ಲಿ, ಬನ್ನೇರುಘಟ್ಟ ರಸ್ತೆಯ ಬದಿಯ ಅರೆಕೆರೆಯಲ್ಲಿ ನೆಲಸಿದ್ದೆ. ಎರಡು ವರ್ಷಗಳ ಹಿಂದೆ ಒಂದು ಬೆಳಗ್ಗೆ ಹಾಲಿನ ಪಾತ್ರೆಯನ್ನು ಎತ್ತಹೋದವನಿಗೆ ಎಡಗೈ ತನ್ನದಲ್ಲವೆಂಬಂತೆ ಜೋತುಬಿತ್ತು. ಮಗನು ತಡಮಾಡದೆ ಆಸ್ಪತ್ರೆಗೆ ಒಯ್ದದ್ದರಿಂದ ಪ್ರಾಣ ಉಳಿಯಿತು. ಮೂರು ವಾರಗಳಲ್ಲಿ ಕಾಲು ನೆಲವನ್ನು ಊರತೊಡಗಿತು. ನಾಲಗೆಯ ತೊಡರು ಸಡಿಲಿತು. ಮನೆಗೆ ಬಂದವರೆಲ್ಲರೂ ದೇವರು ದೊಡ್ಡವನೆಂದರು. ಆದರೆ ದೇಹ ಏಳುತ್ತಿದ್ದಷ್ಟೂ ಒಳಗಿನದೊಂದು ಕುಸಿಯುತ್ತಿತ್ತು. ವ್ಯಾಯಾಮ ಹೇಳಿಕೊಡುವಾತ ಬಾಗಿಲು ತಟ್ಟಿದರೆ ನಿದ್ರೆಯ ನಟನೆ ಮಾಡುತ್ತಿದ್ದೆ. ಊಟ ಮಣ್ಣಿನಂತಿತ್ತು. ಮೊಮ್ಮಗಳ ಆಟ ಸದ್ದಾಗಿ ಕೇಳುತ್ತಿತ್ತೇ ಹೊರತು ಸಂತೋಷವಾಗಿ ಅಲ್ಲ. ನಸುಕಿನ ಮೂರು ಗಂಟೆಗೆ ಎಚ್ಚರವಾಗಿ, ಮುಂದಿನ ಬೆಳಗು ಬಾರದೆ ಹೋದರೆ ಎಲ್ಲರಿಗೂ ಹಗುರವಾದೀತೆಂದು ಯೋಚಿಸುತ್ತ ಗೋಡೆಯನ್ನು ನೋಡುತ್ತಿದ್ದೆ. ಆಸ್ಪತ್ರೆಯವರು ರಕ್ತದೊತ್ತಡ ಅಳೆದರು, ಸಕ್ಕರೆ ಅಳೆದರು. ಮನಸ್ಸಿನ ವಿಚಾರವನ್ನು ಯಾರೂ ಕೇಳಲಿಲ್ಲ. ಬಂಧುಗಳಲ್ಲಿ ಕೆಲವರು ಇಂಥ ಕಾಯಿಲೆಗೆ ಬೇಸರ ಸಹಜವೆಂದರು; ಕೆಲವರು ಸೋಮಾರಿತನವೆಂದು ತಿಳಿದರು. ನನಗೂ ಹಾಗೆಯೇ ತೋರಿತ್ತು.

ಹೀಗಿರಲು ನನ್ನೊಡನೆ ಕೋಠಿಯಲ್ಲಿ ಕೆಲಸ ಮಾಡಿದ್ದ ಹಳೆಯ ಗೆಳೆಯರೊಬ್ಬರು ನೋಡಲು ಬಂದರು. ಹಣ್ಣಿನ ಬದಲು ಪಾಶ್ಚರನ ಜೀವನಚರಿತ್ರೆಯ ಒಂದು ಪುಸ್ತಕವನ್ನು ತಂದಿದ್ದರು. ನನಗೆ ಓದುವ ಮನಸ್ಸಿರಲಿಲ್ಲ. ನನ್ನ ಮಡದಿ ಸಂಜೆ ದೀಪ ಹಚ್ಚಿದ ಮೇಲೆ ಹಾಸಿಗೆಯ ಪಕ್ಕದಲ್ಲಿ ಕುಳಿತು, ನಾನು ಕೇಳುತ್ತಿದ್ದೇನೆಯೋ ಇಲ್ಲವೋ ಎಂಬುದನ್ನು ಲೆಕ್ಕಿಸದೆ ಗಟ್ಟಿಯಾಗಿ ಓದತೊಡಗಿದಳು. ಆ ಚರಿತ್ರೆಯನ್ನೇ ಇಲ್ಲಿ ನನಗೆ ತಿಳಿದಂತೆ ವಾಚಕರ ಮುಂದಿಡುತ್ತಿದ್ದೇನೆ.

ಪಾಶ್ಚರನು ಹುಟ್ಟಿದುದು 1822ರ ಡಿಸೆಂಬರ್ 27ರಂದು, ಫ್ರಾನ್ಸ್ ದೇಶದ ದೋಲ್ ಎಂಬ ಊರಿನಲ್ಲಿ. ತಂದೆ ನೆಪೋಲಿಯನ್ನನ ಸೇನೆಯಲ್ಲಿ ಸಿಪಾಯಿಯಾಗಿದ್ದು ಅನಂತರ ಚರ್ಮ ಹದಮಾಡುವ ವೃತ್ತಿ ಹಿಡಿದವನು. ಹುಡುಗನು ಬೆಳೆದದ್ದು ಆರ್ಬ್ವಾ ಎಂಬ ಸಣ್ಣ ಪಟ್ಟಣದಲ್ಲಿ. ಓದಿಗಿಂತ ಚಿತ್ರ ಬರೆಯುವುದರಲ್ಲಿ ಆತನಿಗೆ ಹೆಚ್ಚು ಆಸಕ್ತಿ. 1838ರಲ್ಲಿ, ಇನ್ನೂ ಹದಿನಾರು ತುಂಬದ ಆ ಬಾಲಕನನ್ನು ವಿದ್ಯೆಗಾಗಿ ಪ್ಯಾರಿಸ್ಸಿಗೆ ಕಳುಹಿಸಿದರು. ಮನೆಯ ನೆನಪು ಆತನನ್ನು ಹಿಂಡಿತು. ತಂದೆಯ ಚರ್ಮದ ಅಂಗಳದ ವಾಸನೆಗೂ ಆತ ಹಂಬಲಿಸಿದನಂತೆ. ಕೆಲವೇ ವಾರಗಳಲ್ಲಿ ತಂದೆ ಬಂದು ಮಗನನ್ನು ಮರಳಿ ಊರಿಗೆ ಕರೆದೊಯ್ಯಬೇಕಾಯಿತು. ಮುಂದೆ ಉಕ್ಕಿನ ಮನುಷ್ಯನೆನಿಸಿದವನ ಚರಿತ್ರೆಯ ಮೊದಲಲ್ಲೇ ಇಂಥದೊಂದು ಸೋಲು ಇದೆಯೆಂಬುದು, ಹಾಸಿಗೆಯಲ್ಲಿದ್ದ ನನ್ನ ಕಿವಿಯನ್ನು ಮೊಟ್ಟಮೊದಲು ನಿಮಿರಿಸಿದ ಸಂಗತಿ.

ಆ ಮೇಲಿನ ಏಳಿಗೆಯನ್ನು ಬೇಗನೆ ಹೇಳಿಬಿಡುವೆ. 1843ರಲ್ಲಿ ಮತ್ತೆ ಪ್ಯಾರಿಸ್ಸಿಗೆ ಹೋಗಿ ಎಕೋಲ್ ನಾರ್ಮಾಲ್ ವಿದ್ಯಾಲಯವನ್ನು ಸೇರಿದನು. 1848ರಲ್ಲಿ ದ್ರಾಕ್ಷಾರಸದಿಂದ ದೊರೆಯುವ ಆಮ್ಲದ ಹರಳುಗಳಲ್ಲಿ ಎಡಗೈ ಬಲಗೈಗಳಂತೆ ಒಂದಕ್ಕೊಂದು ಪ್ರತಿಬಿಂಬವಾದ ಎರಡು ಬಗೆಗಳಿವೆಯೆಂದು ತೋರಿಸಿ ರಸಾಯನಶಾಸ್ತ್ರಜ್ಞರನ್ನು ಬೆರಗುಗೊಳಿಸಿದನು. 1849ರಲ್ಲಿ ಮಾರೀ ಲೋರಾಂಳನ್ನು ವಿವಾಹವಾದನು. ಹಾಲು ಹುಳಿಯುವುದಕ್ಕೂ ಮದ್ಯ ಕೆಡುವುದಕ್ಕೂ ಜೀವಾಣುಗಳೇ ಕಾರಣವೆಂದು ಸಿದ್ಧಪಡಿಸಿದನು.

1865ರಲ್ಲಿ ಆತನ ಗುರು ದ್ಯೂಮಾ ಒಂದು ವಿಚಿತ್ರವಾದ ಬೇಡಿಕೆಯನ್ನು ಮುಂದಿಟ್ಟನು. ಫ್ರಾನ್ಸಿನ ದಕ್ಷಿಣ ಭಾಗದಲ್ಲಿ ರೇಷ್ಮೆಹುಳುಗಳು ಗಂಟು ರೋಗದಿಂದ ಸಾಯುತ್ತಿದ್ದವು. 1853ರಲ್ಲಿ 2 ಕೋಟಿ 60 ಲಕ್ಷ ಕಿಲೋಗ್ರಾಂ ಇದ್ದ ಗೂಡಿನ ಉತ್ಪತ್ತಿ 1865ರ ವೇಳೆಗೆ 40 ಲಕ್ಷಕ್ಕೆ ಇಳಿದಿತ್ತು. ಪಾಶ್ಚರನು ಅದುವರೆಗೆ ರೇಷ್ಮೆಹುಳುವನ್ನು ಕೈಯಲ್ಲಿ ಹಿಡಿದವನೇ ಅಲ್ಲ. ಕೀಟಶಾಸ್ತ್ರಜ್ಞ ಫಾಬ್ರನ ಮನೆಯಲ್ಲಿ ಗೂಡೊಂದನ್ನು ಕಿವಿಯ ಬಳಿ ಅಲುಗಾಡಿಸಿ, ಒಳಗೆ ಏನೋ ಇದೆಯಲ್ಲ ಎಂದು ಅಚ್ಚರಿಪಟ್ಟನೆಂದು ಕೇಳಿದಾಗ, ಎಷ್ಟೋ ವಾರಗಳ ಬಳಿಕ ನನ್ನ ತುಟಿಯಲ್ಲಿ ನಗೆ ಮೂಡಿತು. ಆದರೂ ಆತ ಹೋದನು. ಆ ವರ್ಷವೇ ತಂದೆ ತೀರಿಕೊಂಡನು. ಎರಡು ವರ್ಷದ ಮಗಳು ಕಾಮೀಲ್ ತೀರಿಕೊಂಡಳು. ಮರುವರ್ಷ ಹನ್ನೆರಡರ ಮಗಳು ಸೆಸೀಲ್ ವಿಷಮಶೀತಜ್ವರಕ್ಕೆ ತುತ್ತಾದಳು. ಹಿರಿಯ ಮಗಳು ಜಾನ್ 1859ರಲ್ಲೇ ಇದೇ ಜ್ವರದಿಂದ ಸತ್ತಿದ್ದಳು. ಐವರು ಮಕ್ಕಳಲ್ಲಿ ಮೂವರನ್ನು ಮಣ್ಣಿಗಿಟ್ಟು ಆತ ಆಲೆಸ್ ಎಂಬ ಊರಿನ ಹುಳುಮನೆಗೆ ಮರಳುತ್ತಿದ್ದನು. ಒಂದೊಂದು ಚಿಟ್ಟೆಯನ್ನೂ ಬೇರೆಬೇರೆ ಬಟ್ಟೆಯ ತುಣುಕಿನ ಮೇಲೆ ಮೊಟ್ಟೆಯಿಡಿಸಿ, ಅನಂತರ ಅದನ್ನು ಅರೆದು ಪರೀಕ್ಷಿಸುವ ವಿಧಾನವನ್ನು ರೂಪಿಸಿದುದು ಈ ವರ್ಷಗಳಲ್ಲಿ. ನಮ್ಮ ನಾಡಿನ ಬಿತ್ತನೆ ಕೋಠಿಗಳಲ್ಲಿ ಇಂದಿಗೂ ನಡೆಯುತ್ತಿರುವ ಪರೀಕ್ಷೆಯ ಮೂಲ ಇದೇ. 1890ರ ದಶಕದಲ್ಲಿ ಜಮ್‌ಶೇಟ್‌ಜಿ ಟಾಟಾ ಅವರು ಜಪಾನಿನ ತಜ್ಞರನ್ನು ಕರೆಸಿ ಬಸವನಗುಡಿಯ ಬಳಿ ರೇಷ್ಮೆಯ ತೋಟವನ್ನು ತೆರೆದರು. ಆ ಬಡಾವಣೆಯನ್ನು ಜನ ಈಗಲೂ ಟಾಟಾ ಸಿಲ್ಕ್ ಫಾರಂ ಎಂದೇ ಕರೆಯುತ್ತಾರೆ. ನಮ್ಮ ಅರೆಕೆರೆಯಿಂದ ಅದೇನೂ ದೂರವಲ್ಲ.

ಸಿಡಿಲು ಎರಗಿದುದು 1868ರ ಅಕ್ಟೋಬರ್ 19ರಂದು. ಪಾಶ್ಚರನಿಗೆ ಆಗ 45 ವರ್ಷ. ಬೆಳಗ್ಗೆಯೇ ಎಡಮೈಯಲ್ಲಿ ಏನೋ ಜುಮ್ಮೆನ್ನುವಂತಿತ್ತು. ಮಧ್ಯಾಹ್ನ ವಿಜ್ಞಾನ ಅಕಾಡೆಮಿಯಲ್ಲಿ ಇಟಲಿಯ ವಿದ್ವಾಂಸನೊಬ್ಬನ ರೇಷ್ಮೆಯ ಲೇಖನವನ್ನು ಓದಬೇಕಾಗಿತ್ತು. ಹೆಂಡತಿಯ ಆತಂಕವನ್ನು ಲೆಕ್ಕಿಸದೆ ಹೋಗಿ, ಎಂದಿನ ಧ್ವನಿಯಲ್ಲೇ ಓದಿ, ಗೆಳೆಯರೊಡನೆ ಮನೆಗೆ ನಡೆದು ಬಂದು, ಊಟಮಾಡಿ ಮಲಗಿದನು. ಮಲಗುತ್ತಲೇ ಆಘಾತ ಆರಂಭವಾಯಿತು. ಮಾತು ಬರುವುದು, ನಿಲ್ಲುವುದು. ರಾತ್ರಿ ಕಳೆಯುವಷ್ಟರಲ್ಲಿ ಎಡಭಾಗ ಪೂರ್ತಿ ನಿಶ್ಚೇಷ್ಟಿತವಾಯಿತು. ಅಂದಿನ ವೈದ್ಯರ ಬಳಿ ಇದ್ದ ಚಿಕಿತ್ಸೆಯೆಂದರೆ ಕಿವಿಗಳ ಹಿಂದೆ ಹದಿನಾರು ಜಿಗಣೆಗಳನ್ನು ಹಚ್ಚಿಸಿದುದು.

ಬುದ್ಧಿ ಮಾತ್ರ ಮಸುಕಾಗಲಿಲ್ಲ. ಒಂದು ವಾರದೊಳಗೆ, ಒಂದು ರಾತ್ರಿ, ತನ್ನ ಶಿಷ್ಯ ಜೆರ್ನೇಗೆ ರೇಷ್ಮೆಹುಳುವಿನ ಸಪ್ಪೆ ರೋಗದ ಬಗ್ಗೆ ಟಿಪ್ಪಣಿಯೊಂದನ್ನು ಹೇಳಿ ಬರೆಯಿಸಿದನು. ಇದನ್ನು ಜೀವನಚರಿತ್ರೆಗಾರರು ಆತನ ಧೈರ್ಯದ ಪರಾಕಾಷ್ಠೆಯೆಂದು ಕೊಂಡಾಡುತ್ತಾರೆ. ಈ ಭಾಗವನ್ನು ಕೇಳಿದ ರಾತ್ರಿ ನಾನು ಮಡದಿಗೆ ಪುಸ್ತಕವನ್ನು ಮುಚ್ಚಿಡಲು ಹೇಳಿದೆ. ಆ ಮಹಾಪುರುಷನ ಮುಂದೆ ನಾನು ಹುಳುವಾಗಿ ಕಂಡೆ. ಕೈ ಬಿದ್ದ ಏಳನೆಯ ದಿನ ಆತ ಶಾಸ್ತ್ರ ಹೇಳಿದನು. ಮೂರು ತಿಂಗಳಾದರೂ ನಾನು ಚಮಚ ಹಿಡಿಯಲೊಲ್ಲೆ. ರೋಗಿಗೆ ವೀರರ ಕಥೆ ಹೇಳುವವರು ಇದನ್ನು ಮರೆಯಬಾರದು: ಖಿನ್ನನಾದವನ ಕಿವಿಗೆ ಪರರ ಧೈರ್ಯವೂ ಒಂದು ಆರೋಪದಂತೆ ಕೇಳಿಸುತ್ತದೆ.

ಎರಡು ದಿನ ಬಿಟ್ಟು ಅವಳೇ ಮತ್ತೆ ಓದತೊಡಗಿದಳು. ಆಗ ಬಂದ ಪ್ರಸಂಗವೇ ಈ ಲೇಖನಕ್ಕೆ ಕಾರಣ.

ಪಾಶ್ಚರನಿಗಾಗಿ ಪ್ಯಾರಿಸ್ಸಿನ ಉಲ್ಮ್ ಬೀದಿಯಲ್ಲಿ ಹೊಸ ಪ್ರಯೋಗಶಾಲೆಯೊಂದನ್ನು ಕಟ್ಟಲು ಆ ವರ್ಷವೇ ತೊಡಗಿದ್ದರು. ಆತ ಎಷ್ಟೋ ವರ್ಷಗಳಿಂದ ಬೇಡಿ ಪಡೆದದ್ದು ಅದು. ಪಾರ್ಶ್ವವಾಯುವಿನ ಸುದ್ದಿ ತಿಳಿದೊಡನೆ ಅಧಿಕಾರಿಗಳು ಕೆಲಸವನ್ನು ನಿಲ್ಲಿಸಿದರು. ಸಾಯುವವನಿಗೆ ಶಾಲೆ ಏಕೆಂಬ ಲೆಕ್ಕಾಚಾರ. ಯಾರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ರೋಗಿ ಕಟ್ಟಡದ ವಿಚಾರ ಕೇಳಿದಾಗಲೆಲ್ಲ ಸುತ್ತುಬಳಸಿನ ಉತ್ತರ. ಆದರೆ ಹಾಸಿಗೆಯಲ್ಲಿದ್ದವನಿಗೆ ಇಂಥವು ತಿಳಿಯದೆ ಇರುವುದಿಲ್ಲ. ತನ್ನನ್ನು ಸತ್ತವರ ಪಟ್ಟಿಗೆ ಸೇರಿಸಿದ್ದಾರೆಂದು ಆತ ಅರಿತುಕೊಂಡನು. ಮನಸ್ಸು ಕಹಿಯಾಯಿತು, ದುಃಖ ಕವಿಯಿತು. ಕೊನೆಗೆ ಸೇನಾಧಿಕಾರಿ ಫಾವೇ ಎಂಬಾತನು ಈ ವಿಷಯವನ್ನು ಚಕ್ರವರ್ತಿ ಮೂರನೆಯ ನೆಪೋಲಿಯನ್ನನ ಗಮನಕ್ಕೆ ತಂದನು. ಚಕ್ರವರ್ತಿಯ ಆಜ್ಞೆಯಿಂದ ಕೆಲಸ ಮತ್ತೆ ಆರಂಭವಾಯಿತು. ರೋಗಿಯ ಮನಸ್ಸೂ ಅಲ್ಲಿಂದ ಚೇತರಿಸತೊಡಗಿತು. ನವೆಂಬರಿನ ಕೊನೆಗೆ ಹಾಸಿಗೆಯಿಂದೆದ್ದು ಕುರ್ಚಿಯಲ್ಲಿ ಕುಳಿತನು. ಪಾಸ್ಕಲ್‌ನ ಚಿಂತನೆಗಳನ್ನೂ, ಸ್ವಸಹಾಯದ ವಿಚಾರವಾಗಿ ಸ್ಮೈಲ್ಸ್ ಬರೆದ ಪುಸ್ತಕವನ್ನೂ ಓದಿಸಿ ಕೇಳುತ್ತಿದ್ದನು.

ಇಂದಿನ ವೈದ್ಯರು ಬಳಸುವ ರೋಗದ ಹೆಸರನ್ನು ನೂರೈವತ್ತು ವರ್ಷಗಳ ಹಿಂದಿನವನಿಗೆ ಅಂಟಿಸುವುದು ಸಲ್ಲದು. ಆದರೆ ನಿಂತುಹೋದ ಆ ಕಟ್ಟಡವನ್ನು ನಾನು ಕಣ್ಣಾರೆ ಕಂಡೆ. ನನ್ನ ಮನೆಯಲ್ಲಿಯೂ ಅಂಥದೇ ಆಗಿತ್ತು. ನನಗೆ ತೊಂದರೆಯಾಗಬಾರದೆಂಬ ಪ್ರೀತಿಯಿಂದಲೇ ಬ್ಯಾಂಕಿನ ಪುಸ್ತಕ ಮಗನ ಕಪಾಟಿಗೆ ಹೋಗಿತ್ತು. ಬೀರುವಿನ ಬೀಗದ ಕೈ ಸೊಸೆಯ ಬಳಿಗೆ ಹೋಗಿತ್ತು. ತರಕಾರಿ ತರುವುದು, ಮೊಮ್ಮಗಳಿಗೆ ಲೆಕ್ಕ ಹೇಳಿಕೊಡುವುದು, ದಿನಸಿಯ ಚೀಟಿ ಬರೆಯುವುದು, ಎಲ್ಲವೂ ಸದ್ದಿಲ್ಲದೆ ಬೇರೆಯವರ ಕೈ ಸೇರಿದ್ದವು. ನನ್ನ ಮುಂದೆ ಎಲ್ಲರೂ ತಗ್ಗಿದ ದನಿಯಲ್ಲಿ ಮಾತನಾಡುತ್ತಿದ್ದರು. ಯಾರೂ ಕೆಟ್ಟವರಲ್ಲ, ಆದರೆ ನನ್ನ ಕಟ್ಟಡದ ಕೆಲಸ ನಿಂತಿತ್ತು. ಈ ಮಾತನ್ನು ಆ ರಾತ್ರಿ ಮಡದಿಗೆ ಹೇಳಿದೆ. ಹೇಳುತ್ತ ಅತ್ತೆ. ಅವಳು ಮರುದಿನವೇ ನಮ್ಮ ಬಡಾವಣೆಯ ವೈದ್ಯರನ್ನು ಕಂಡು, ಅವರ ಸಲಹೆಯಂತೆ ನನ್ನನ್ನು ಮನೋವೈದ್ಯರ ಬಳಿಗೆ ಕರೆದೊಯ್ದಳು.

ಆ ವೈದ್ಯರಿಂದ ತಿಳಿದುದನ್ನು ಇಲ್ಲಿ ಹೇಳುವುದು ನನ್ನ ಕರ್ತವ್ಯ. ಪಾರ್ಶ್ವವಾಯುವಿಗೆ ತುತ್ತಾಗಿ ಉಳಿದವರಲ್ಲಿ ಸುಮಾರು ಮೂವರಿಗೊಬ್ಬರಂತೆ ಖಿನ್ನತೆಗೆ ಒಳಗಾಗುತ್ತಾರೆ. ಕಳೆದುಕೊಂಡುದರ ದುಃಖ ಇದಕ್ಕೆ ಒಂದು ಕಾರಣ. ಮೆದುಳಿಗೆ ಆದ ಗಾಯವೇ ಭಾವನೆಗಳ ವ್ಯವಸ್ಥೆಯನ್ನು ಕೆಡಿಸುವುದು ಇನ್ನೊಂದು. ಆದ್ದರಿಂದ ಇದು ಸೋಮಾರಿತನವಲ್ಲ, ನಂಬಿಕೆಯ ಕೊರತೆಯೂ ಅಲ್ಲ. ಚಿಕಿತ್ಸೆ ಮಾಡದೆ ಬಿಟ್ಟರೆ ರೋಗಿ ವ್ಯಾಯಾಮ ಬಿಡುತ್ತಾನೆ, ಔಷಧ ಬಿಡುತ್ತಾನೆ, ಕೈಕಾಲುಗಳ ಚೇತರಿಕೆಯೂ ಹಿಂದೆ ಬೀಳುತ್ತದೆ. ಮಾತು ಕಳೆದುಕೊಂಡವರಲ್ಲಿ ಇದನ್ನು ಗುರುತಿಸುವುದು ಇನ್ನೂ ಕಷ್ಟ. ಊಟ, ನಿದ್ರೆ, ಮುಖದ ಕಳೆ, ವ್ಯಾಯಾಮದಲ್ಲಿನ ನಿರಾಸಕ್ತಿ ಇವುಗಳಿಂದಲೇ ಮನೆಯವರು ತಿಳಿಯಬೇಕು. ಯಾವ ದುಃಖವೂ ಇಲ್ಲದೆ ತಡೆಯಲಾರದ ಅಳು ನಗೆಗಳು ಬರುವುದು ಬೇರೆಯದೇ ಒಂದು ತೊಂದರೆ, ಅದಕ್ಕೂ ಚಿಕಿತ್ಸೆಯುಂಟು.

ಖಿನ್ನತೆಗೆ ಮಾತ್ರೆಗಳಿವೆ. ಅವು ಒಂದೆರಡು ದಿನದಲ್ಲಿ ಕೆಲಸ ಮಾಡುವಂಥವಲ್ಲ. ಕೆಲವು ವಾರ ಕಾಯಬೇಕು, ಗುಣ ಕಂಡಮೇಲೂ ತಿಂಗಳುಗಟ್ಟಲೆ ಮುಂದುವರಿಸಬೇಕು, ತಾವಾಗಿ ನಿಲ್ಲಿಸಬಾರದು. ರಕ್ತವನ್ನು ತೆಳುಮಾಡುವ ಔಷಧ ತೆಗೆದುಕೊಳ್ಳುವವರು ಅದನ್ನು ಮನೋವೈದ್ಯರಿಗೆ ಮೊದಲೇ ತಿಳಿಸಬೇಕು. ಇಂಥ ಮಾತ್ರೆಗಳಲ್ಲಿ ಒಂದಾದ ಫ್ಲುವಾಕ್ಸೆಟಿನ್ ಬಿದ್ದ ಕೈಕಾಲನ್ನೂ ಎಬ್ಬಿಸೀತೆಂಬ ಆಸೆ ಒಂದು ಕಾಲಕ್ಕೆ ಇತ್ತು. 2018ರಿಂದ 2020ರವರೆಗೆ ಪ್ರಕಟವಾದ ದೊಡ್ಡ ಪ್ರಯೋಗಗಳು ಆ ಆಸೆಯನ್ನು ಸುಳ್ಳಾಗಿಸಿದವು. ಖಿನ್ನತೆ ತುಸು ಕಡಿಮೆಯಾದರೂ ಮೂಳೆ ಮುರಿತ ಹೆಚ್ಚಿದುದು ಅವುಗಳಲ್ಲಿ ಕಂಡಿತು. ಹೀಗಾಗಿ ಪಾರ್ಶ್ವವಾಯು ಬಂದವರಿಗೆಲ್ಲ ಮಾತ್ರೆಯೆಂಬುದು ಸರಿಯಲ್ಲ. ಖಿನ್ನರಾದವರಿಗೆ ಅದನ್ನು ತಪ್ಪಿಸುವುದೂ ಸರಿಯಲ್ಲ. ಮಾತ್ರೆಯ ಜೊತೆಗೆ ಮಾತಿನ ಚಿಕಿತ್ಸೆ, ಕ್ರಮವಾದ ವ್ಯಾಯಾಮ, ದಿನಕ್ಕೊಂದು ಸಣ್ಣ ಕೆಲಸ ಇವೂ ಬೇಕು. ಬದುಕೇ ಬೇಡವೆಂಬ ಯೋಚನೆ ಬಂದರೆ ಅದನ್ನು ಬಚ್ಚಿಡದೆ ಆ ದಿನವೇ ಹೇಳಬೇಕೆಂದು ವೈದ್ಯರು ನನ್ನಿಂದ ಮಾತು ತೆಗೆದುಕೊಂಡರು. ನಿಮ್ಹಾನ್ಸ್‌ನಂಥ ಸಂಸ್ಥೆ ನಮ್ಮ ಊರಿನಲ್ಲೇ ಇದೆ. 2022ರಿಂದ 14416 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಕನ್ನಡದಲ್ಲೇ ಸಲಹೆ ದೊರೆಯುತ್ತದೆ.

ಇಷ್ಟನ್ನು ತಿಳಿದಮೇಲೆ ಪಾಶ್ಚರನ ಉಳಿದ ಕಥೆ ನನಗೆ ಬೇರೆಯಾಗಿ ಕೇಳಿಸಿತು. 1869ರ ಜನವರಿಯಲ್ಲಿ, ಆಘಾತವಾಗಿ ಮೂರು ತಿಂಗಳಿಗೆ, ಆತ ರೈಲಿನಲ್ಲಿ ಮಲಗಿಕೊಂಡೇ ದಕ್ಷಿಣಕ್ಕೆ ಹೊರಟು ಸೇಂಟ್ ಇಪೊಲಿತ್ ಎಂಬ ಊರನ್ನು ಸೇರಿದನು. ಅಲ್ಲಿ ಕಲ್ಲುಹಾಸಿನ ಮೇಲೆ ಬಿದ್ದು ನೋವನ್ನೂ ಅನುಭವಿಸಿದನು. ಆತ ಒಬ್ಬನೇ ಎದ್ದವನಲ್ಲ. ಹೆಂಡತಿ ಮಾರೀ ಹೇಳಿದುದನ್ನೆಲ್ಲ ಬರೆದುಕೊಂಡಳು. ಶಿಷ್ಯರಾದ ಜೆರ್ನೇ, ರೋಲಾಂ, ಮಾಯೋ ಆತನ ಕೈಗಳಾದರು. ಮಗಳು ಮಾರೀ ಲೂಯಿಸ್ ಹುಳು ಸಾಕುವುದರಲ್ಲಿ ನೆರವಾದಳು. ಆತ ಕುರ್ಚಿಯಲ್ಲಿ ಕುಳಿತು ನೋಡಿದನು, ಕೇಳಿದನು, ಹೇಳಿದನು. ಅದೇ ವರ್ಷ ಚಕ್ರವರ್ತಿಯ ಕುಟುಂಬಕ್ಕೆ ಸೇರಿದ, ತ್ರಿಯೆಸ್ತೆ ಬಳಿಯ ತೋಟದ ಮನೆಗೆ ಹೋಗಿ ತನ್ನ ವಿಧಾನದ ಬಿತ್ತನೆಯಿಂದ ಹುಲುಸಾದ ಬೆಳೆ ತೆಗೆಸಿ ತೋರಿಸಿದನು. 1870ರಲ್ಲಿ ರೇಷ್ಮೆಹುಳುವಿನ ರೋಗಗಳ ಗ್ರಂಥ ಹೊರಬಂದಿತು.

ಜಗತ್ತು ಇಂದು ಪಾಶ್ಚರನೆಂದು ನೆನೆಯುವ ವ್ಯಕ್ತಿಯ ಬಹುಭಾಗ ಇನ್ನೂ ಮುಂದಿತ್ತು. ಎಡಗೈ ಸೆಟೆದೇ ಉಳಿಯಿತು, ಎಡಗಾಲು ಎಳೆಯುತ್ತಲೇ ಇತ್ತು. ಪ್ರಯೋಗದ ಕೈಕೆಲಸವನ್ನು ರೂ ಮೊದಲಾದ ಶಿಷ್ಯರು ಮಾಡಬೇಕಾಗಿತ್ತು. ಹಾಗಿದ್ದೂ 1881ರಲ್ಲಿ ಪೂಯಿ ಲ ಫೋರ್ ಎಂಬ ಹಳ್ಳಿಯಲ್ಲಿ 25 ಕುರಿಗಳಿಗೆ ನೆರಡಿ ರೋಗದ ಲಸಿಕೆ ಹಾಕಿಸಿ, 25ಕ್ಕೆ ಹಾಕಿಸದೆ, ಎಲ್ಲಕ್ಕೂ ರೋಗಾಣು ಕೊಡಿಸಿದಾಗ ಲಸಿಕೆ ಪಡೆದವು ಬದುಕಿದವು, ಪಡೆಯದವು ಸತ್ತವು. 1885ರ ಜುಲೈ 6ರಂದು ಹುಚ್ಚುನಾಯಿ ಕಚ್ಚಿದ ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್ ಎಂಬ ಬಾಲಕನಿಗೆ ಮೊದಲ ಲಸಿಕೆ ಬಿದ್ದಿತು. ಸೂಜಿ ಹಿಡಿದವನು ವೈದ್ಯ ಗ್ರಾಂಶೇ. 1887ರಲ್ಲಿ ಪಾಶ್ಚರನಿಗೆ ಮತ್ತೆ ಆಘಾತವಾಗಿ ಮಾತು ತೊಡರಿತು. 1888ರ ನವೆಂಬರ್ 14ರಂದು ಆತನ ಹೆಸರಿನ ಸಂಸ್ಥೆ ತೆರೆದಾಗ ಭಾಷಣವನ್ನು ಮಗನು ಓದಬೇಕಾಯಿತು. ಆ ಸಂಸ್ಥೆಯಲ್ಲಿ ಪಳಗಿದ ಹಾಫ್‌ಕಿನ್ ಎಂಬಾತನೇ ಮುಂದೆ ಮುಂಬಯಿಯಲ್ಲಿ ಪ್ಲೇಗಿನ ಲಸಿಕೆಯನ್ನು ಸಿದ್ಧಪಡಿಸಿದನು. 1898ರಲ್ಲಿ ಬೆಂಗಳೂರನ್ನು ಪ್ಲೇಗು ಹಿಂಡಿದ ಕಥೆಯನ್ನು ನಮ್ಮ ಹಿರಿಯರು ಮರೆತಿರಲಿಲ್ಲ. ಪಾಶ್ಚರನು 1895ರ ಸೆಪ್ಟೆಂಬರ್ 28ರಂದು ತೀರಿಕೊಂಡನು. ಆ ಅಕ್ಟೋಬರಿನ ರಾತ್ರಿಯಿಂದ ಲೆಕ್ಕ ಹಾಕಿದರೆ ಅರ್ಧ ದೇಹದಲ್ಲಿ ಇಪ್ಪತ್ತೇಳು ವರ್ಷ ಬಾಳಿದಂತಾಯಿತು.

ದೂರದವನ ಕಥೆಯೇ ಏಕೆಂದು ಯಾರಾದರೂ ಕೇಳಬಹುದು. ನಮ್ಮವರೂ ಇದ್ದಾರೆ. ಚಿರಸ್ಮರಣೆಯನ್ನು ಬರೆದ ನಿರಂಜನರು 1970ರ ದಶಕದ ಮೊದಲಲ್ಲಿ ಪಾರ್ಶ್ವವಾಯುವಿಗೆ ತುತ್ತಾದರು. ಪತ್ನಿ ಅನುಪಮಾ ಸ್ವತಃ ವೈದ್ಯೆ, ಲೇಖಕಿ. ಆ ಮೇಲೆಯೇ ಮೃತ್ಯುಂಜಯ ಎಂಬ ಕಾದಂಬರಿ 1976ರಲ್ಲಿ ಬಂದಿತು. ಅವರ ಸಂಪಾದಕತ್ವದಲ್ಲಿ ವಿಶ್ವಕಥಾಕೋಶದ 25 ಸಂಪುಟಗಳು ಹೊರಬಂದವು. 1992ರವರೆಗೂ ಅವರು ಬಾಳಿದರು. ಅವರ ಕಟ್ಟಡದ ಕೆಲಸವನ್ನೂ ಯಾರೂ ನಿಲ್ಲಿಸಲಿಲ್ಲವೆಂದು ನಾನು ಭಾವಿಸುತ್ತೇನೆ.

ನಾನು ಪಾಶ್ಚರನೂ ಅಲ್ಲ, ನಿರಂಜನರೂ ಅಲ್ಲ. ಮಾತ್ರೆ ಆರಂಭಿಸಿದ ಐದನೆಯ ವಾರದಲ್ಲಿ ಒಂದು ಬೆಳಗ್ಗೆ ಕಾಫಿಯ ರುಚಿ ತಿಳಿಯಿತು. ನನ್ನ ಸಾಧನೆ ಅಷ್ಟರಿಂದ ತೊಡಗಿತು. ಬ್ಯಾಂಕಿನ ಪುಸ್ತಕ ಮರಳಿ ನನ್ನ ದಿಂಬಿನ ಬಳಿಗೆ ಬಂದಿದೆ. ದಿನಸಿಯ ಚೀಟಿಯನ್ನು ನಾನೇ ಬರೆಯುತ್ತೇನೆ. ಸೊಸೆ ಅದರಲ್ಲಿ ತಪ್ಪಿದ್ದರೆ ಮೊದಲಿನಂತೆಯೇ ಜಗಳವಾಡುತ್ತಾಳೆ, ಅದೂ ಒಂದು ಔಷಧವೇ. ಗೆಳೆಯರು ಹಿಪ್ಪುನೇರಳೆಯ ಒಂದು ಕಡ್ಡಿಯನ್ನು ತಂದು ಕುಂಡದಲ್ಲಿ ನೆಟ್ಟು ಹೋದರು. ಬೆಳಗ್ಗೆ ಅದಕ್ಕೆ ನೀರು ಹನಿಸುವುದು ಎಡಗೈಯ ಪಾಲಿನ ಕೆಲಸ. ಅರ್ಧ ನೀರು ನೆಲಕ್ಕೆ ಚೆಲ್ಲುತ್ತದೆ. ಮಡದಿ ಬಟ್ಟೆ ಹಿಡಿದು ಪಕ್ಕದಲ್ಲಿ ನಿಂತಿರುತ್ತಾಳೆ, ಚೊಂಬನ್ನು ಮಾತ್ರ ನನ್ನ ಕೈಯಿಂದ ಕಸಿದುಕೊಳ್ಳುವುದಿಲ್ಲ.